ಮೇಷ್ಟ್ರ ಬೆನ್ನಿನ ನೀರು

ಬೆಟ್ಟಕ್ಕೆ ಸೈಕಲ್ ತುಳಿಯುವವರು ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲವನ್ನು ನಮ್ಮ ಅತ್ತೆಯ ಅಂಗಡಿಯಲ್ಲಿ ಕೊಳ್ಳುವುದು ಸುಲಭವಲ್ಲ. ಬಣ್ಣ ಕೇಳಿದರೆ ಉರಿದುಬೀಳುತ್ತಾರೆ. “ಎಷ್ಟು ಗಂಟೆ ತುಳೀತೀರಿ, ಅದು ಹೇಳಿ ಮೊದ್ಲು.” ಎರಡು ಗಂಟೆಯೆಂದರೆ ಒಂದೂವರೆ ಲೀಟರು, ಅರ್ಧ ದಿನವೆಂದರೆ ಮೂರು. ನೀರು ತುಂಬಿಸಿ, ಬೆನ್ನಿಗೇರಿಸಿ, ಎದೆಪಟ್ಟಿ ಬಿಗಿದು, ಅಂಗಡಿ ಮುಂದೆ ಎರಡು ಸುತ್ತು ಹೊಡೆಸುತ್ತಾರೆ. ಚೀಲ ಓಲಾಡಿದರೆ ಬೇರೆಯದು. ಕೊನೆಗೆ ಚೀಲದಿಂದ ಬಾಯಿಗೆ ಬರುವ ಕೊಳವೆಯ ತುದಿಯಲ್ಲಿರುವ, ಹಾಕಿದರೆ ತೊಟ್ಟು ನೀರೂ ಬಿಡದ ಬೀಗವನ್ನು ಗಿರಾಕಿಯ ಕೈಯಿಂದಲೇ ತೆಗೆಸಿ, ಕಚ್ಚಿ ಹೀರಿಸಿ, ಗುಟುಕು ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಬಿಲ್ಲು.

“ನಾನೇನು ಹಾಲು ಕುಡಿಯೋ ಮಗೂನಾ ಅಕ್ಕಾ?” ಎಂದು ಗಿರಾಕಿಗಳು ನಗುತ್ತಾರೆ. ಅತ್ತೆ ನಗುವುದಿಲ್ಲ.

ಆರು ವರ್ಷದ ಹಿಂದೆ ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರು ಚೀಲ ಕೊಂಡರು. ಅತ್ತೆಯೇ ಆರಿಸಿ, ನೀರು ತುಂಬಿ, ಅಂಗಿ ನೆನೆಯದಿರಲೆಂದು ತುದಿಯ ಬೀಗ ಹಾಕಿದರು. ಅಷ್ಟರಲ್ಲಿ ಫೋನು ಬಂತು. ಬೀಗದ ವಿಷಯ ಹೇಳುವುದು ಮರೆತೇಹೋಯಿತು. ಮೇಷ್ಟ್ರು ಅಲ್ಲಿಂದಲೇ ಬೆಟ್ಟಕ್ಕೆ ಹೊರಟರು. ಉರಿಬಿಸಿಲಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಚೀಲ ಇಳಿಸಿ ಮುಚ್ಚಳ ತೆಗೆದು ಕುಡಿಯಬಹುದಿತ್ತಲ್ಲ ಎನ್ನಬೇಡಿ. ಬಿಸಿಲು ತಲೆಗೇರಿದವರಿಗೆ ಅದೆಲ್ಲ ಹೊಳೆಯುವುದಿಲ್ಲ.

ಅವರ ಹೆಂಡತಿ ಚೀಲ ತಂದು ಅಂಗಡಿಯ ಮೇಜಿನ ಮೇಲಿಟ್ಟರು. “ನೋಡಿ, ತೊಟ್ಟೂ ಕಮ್ಮಿಯಾಗಿಲ್ಲ. ಮನೇಲೂ ಹೀಗೇ, ನೀರು ಕುಡೀರಿ ಅಂದ್ರೆ ಕೇಳ್ತಿರ್ಲಿಲ್ಲ. ಹಟಮಾರಿ ಗಂಡಸು! ಬೆನ್ನ ಮೇಲೆ ನೀರಿಟ್ಕೊಂಡು ಸತ್ರು. ಇದು ನನ್ ಕಣ್ಣೆದುರಿಗೆ ಬೇಡ.”

ಅತ್ತೆ ಚೀಲವನ್ನು ಒಳಗೆ ಎತ್ತಿಟ್ಟರು. ಆಕೆ ಅಂಗಡಿ ಮುಂದೆ ಹಾದಾಗಲೆಲ್ಲ ಗಂಡನಿಗೆ ಅದೇ ಬೈಗುಳ; ಅತ್ತೆ ಬೀಗದ ಮಾತೆತ್ತುತ್ತಿರಲಿಲ್ಲ. ಮನೆಯಲ್ಲಿ ಊಟದ ನಡುವೆ ಅತ್ತೆ ಲೋಟ ಎತ್ತಿ, ಕುಡಿಯದೆ ಹಾಗೇ ಇಟ್ಟುಬಿಡುತ್ತಿದ್ದರು. ಯಾಕೆಂದು ನಮಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಅತ್ತೆ ನನ್ನೆದುರು ಬಾಯಿಬಿಟ್ಟರು. ನನಗೆ ಕೆಟ್ಟ ಸಿಟ್ಟು ಬಂತು.

“ಅವ್ರಿಗೆ ಹೇಳಿ ಅತ್ತೆ. ಸತ್ತೋರ ತಲೆಗೆ ಯಾಕೆ ಕಟ್ತೀರಿ?”

“ಅಂಗಡಿಗೆ ಬೆಂಕಿ ಇಡ್ತಾರೆ ಕಣೇ.”

“ಇಡ್ಲಿ ಬಿಡಿ.”

ಮರುದಿನ ಬೆಳಿಗ್ಗೆ ಇಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಕೂತ್ಕೊಳ್ಳಿ ಎಂದರೂ ಕೂರದೆ, ಅತ್ತೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಚೀಲ ಮುಂದೆ ಹಿಡಿದರು. ಕೊಳವೆಯ ತುದಿಯ ಮೆತ್ತನೆಯ ರಬ್ಬರಿನ ಮೇಲೆ ಹಲ್ಲಿನ ಗುರುತುಗಳಿದ್ದವು, ಒಂದರ ಮೇಲೊಂದು, ರಬ್ಬರು ಹರಿಯುವಷ್ಟು. ಆಕೆ ಅದರ ಮೇಲೆ ಬೆರಳಾಡಿಸಿದರು. ಅತ್ತೆ ತಲೆತಗ್ಗಿಸಿ ಬೈಗುಳಕ್ಕೆ ಕಾದರು. ಬರಲಿಲ್ಲ.

“ಕುಡಿಯೋಕೆ ನೋಡಿದ್ರು, ಪಾಪ,” ಎನ್ನುತ್ತ ಆಕೆ ಗೋಡೆಯಲ್ಲಿದ್ದ ಗಂಡನ ಫೋಟೋದ ಕಡೆ ತಿರುಗಿದರು. “ಆರು ವರ್ಷ ನಿಮ್ಮನ್ನೇ ಬೈದ್ನಲ್ಲಾ ರೀ.”