ಒಲೆಕಟ್ಟೆಯ ಮೇಲಿನ ಎರಡನೇ ವಡೆ

ತಮಿಳು ಸೀಮೆಯ ಟ್ರಿಪ್ಲಿಕೇನ್‌ನ ಮೆಸ್ಸೊಂದರಲ್ಲಿ ವಡೆ ಕರಿಯುವ ಶೀನನ ಕೈ ಇಪ್ಪತ್ತಾರು ವರ್ಷದಿಂದ ಪಳಗಿದೆ. ಕುಂದಾಪುರ ಕಡೆಯವನು. ಮಗಳು ಅಶ್ವಿತಾ ಎಂ.ಎ. ಓದುತ್ತಾಳೆ. ಏನು ಓದುತ್ತಾಳೆಂದು ಊರಿನವರು ಕೇಳಿದರೆ, "ಆಫ್ರಿಕಾದವ್ರ ಚರಿತ್ರೆ" ಎನ್ನುವನು ಶೀನ. ಅದರಿಂದ ಎಂತ ಉಪಯೋಗ ಎಂದು ಅವರು ಮತ್ತೆ ಕೇಳುವರು. ಆಗ ಇವನಿಗೆ ಕೆಮ್ಮು ಬರುವುದು.

ಹಡಗುಗಳಲ್ಲಿ ಗುಲಾಮರಾಗಿ ಬ್ರೆಜಿಲ್‌ಗೆ ಹೋದ ಆಫ್ರಿಕಾದ ಜನ ಅಲಸಂಡೆ ಕಾಳಿನ ಕರಿದ ತಿಂಡಿಯೊಂದನ್ನು ಮರೆಯದೆ ಉಳಿಸಿಕೊಂಡರಂತೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದಿಗೂ ಅದನ್ನು ಬೀದಿಯಲ್ಲಿ ಮಾರುತ್ತಾರಂತೆ. ಅಶ್ವಿತಾ ಬರೆಯುತ್ತಿದ್ದುದು ಅದನ್ನೇ. ಆದರೆ ಅವಳ ಮೇಡಂ ಕೌಸಲ್ಯಾ ಬರಹವನ್ನು ಹಿಂದಕ್ಕೆ ಕೊಟ್ಟಿದ್ದರು. ಎಲ್ಲವೂ ಪುಸ್ತಕದ್ದೇ ಆಯಿತು, ನಿನ್ನ ಕಣ್ಣು ಕಂಡದ್ದು ಒಂದಾದರೂ ಸೋಮವಾರದೊಳಗೆ ಬರಬೇಕು, ಇಲ್ಲದಿದ್ದರೆ ವಿಷಯ ಬದಲಿಸು ಎಂದಿದ್ದರು.

ಭಾನುವಾರ ಮಧ್ಯಾಹ್ನ ಮೆಸ್ಸು ಖಾಲಿಯಾದ ಮೇಲೆ ಆ ತಿಂಡಿಯನ್ನು ಮಾಡಿ ನೋಡಲು ಅಪ್ಪ ಮಗಳು ಒಲೆಯ ಮುಂದೆ ನಿಂತರು. ಶೀನ ಬೆಳಿಗ್ಗೆಯೇ ಅಲಸಂಡೆ ನೆನೆಹಾಕಿ, ಉಜ್ಜಿ ಉಜ್ಜಿ ಸಿಪ್ಪೆ ತೇಲಿಸಿ ತೆಗೆದು, ನುಣ್ಣಗೆ ರುಬ್ಬಿಟ್ಟಿದ್ದ. ಬ್ರೆಜಿಲ್‌ನವರು ಬಳಸುವ ಕೆಂಪು ತಾಳೆಯೆಣ್ಣೆ ಸಿಗಲಿಲ್ಲ, ಮೆಸ್ಸಿನ ಎಣ್ಣೆಯೇ ಗತಿ. ಹಿಟ್ಟನ್ನು ಅಂಗೈಯಲ್ಲಿ ಬಡಿದು ಬಡಿದು ಹಗುರ ಮಾಡಿ, ಒಂದು ತುಣುಕು ನೀರಿಗೆ ಬಿಟ್ಟು ತೇಲಿತೆಂದು ನೋಡಿಕೊಂಡ. ಈರುಳ್ಳಿ, ಉಪ್ಪು ಬಿದ್ದವು. ಮರುಕ್ಷಣ ಅವನ ಕೈ ತನ್ನಷ್ಟಕ್ಕೆ ತಾನೇ ಕರಿಬೇವು, ಕಾಳುಮೆಣಸಿನ ಕಡೆ ಹೋಯಿತು. ಅಶ್ವಿತಾ ಮಣಿಕಟ್ಟು ಹಿಡಿದಳು.

"ವೇಂಡಾಂ ಅಪ್ಪಾ, ಬೇಡ. ಅದು ಹಾಕಿದ್ರೆ ನಮ್ಮ ವಡೆ ಆಗ್ತದೆ."

ಶೀನ ನಕ್ಕು, ಮೊದಲ ತಿಂಡಿಯನ್ನು ಎಣ್ಣೆಯಿಂದೆತ್ತಿ ಒಲೆಕಟ್ಟೆಯ ಮೇಲಿಟ್ಟ. ಅವಳು ನಿಂತಲ್ಲೇ ನಿಂತಳು. ದಿನಾ ಕಂಡದ್ದೇ, ಆದರೆ ಕೇಳಿದ್ದು ಇದೇ ಮೊದಲು.

"ಇದು ಯಾರಿಗೆ?"

"ಒಲೆಗೆ. ಮೊದಲ್ನೇದ್ ನಮ್ದಲ್ಲ. ಅಜ್ಜಿ ಕಾಲದಿಂದ್ಲೂ ಹಾಂಗೇ."

ಬ್ರೆಜಿಲ್‌ನ ಬೀದಿಯಲ್ಲಿ ಇದನ್ನು ಮಾರುವ ಹೆಂಗಸರೂ ಮೊದಲನೆಯದನ್ನು ಮಾರುವುದಿಲ್ಲ, ತಮ್ಮ ದೇವರಿಗೆಂದು ತೆಗೆದಿಡುತ್ತಾರೆ ಎಂದು ಅಶ್ವಿತಾ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಅರಳಿತು. ಎರಡೂ ಒಂದೇ ಎಂದು ಬರೆಯುತ್ತೇನೆ ಎಂದಳು.

ಶೀನ ಜಾಲರಿ ಸೌಟನ್ನು ಕೆಳಗಿಟ್ಟ.

"ನಾನ್ ಟಿಕೆಟ್ ತಕಂಡ್ ಬಸ್ ಹತ್ತಿ ಬಂದವ. ಬೇಕಾರೆ ನಾಳೆ ಊರಿಗ್ ಹೋತೆ. ಅವ್ರನ್ನ ಕಟ್ಟಿಹಾಕಿ ತಂದದ್. ಒಂದೇ ಅಂದ್ ಬರೀಬೇಡ ಮಗಾ. ಎಂತದೂ ಇಲ್ದೆ ಬಂದವ್ರು ಇದ್ನ ಮರೀಲಿಲ್ಲ ಅಂದ್ರೆ, ಅವ್ರ್ ದೊಡ್ಡವ್ರು."

ಅಶ್ವಿತಾ ಆ ಮಾತನ್ನು ಹಾಗೆಯೇ ಬರೆದುಕೊಂಡಳು, ಅಪ್ಪನ ಹೆಸರು ಹಾಕಿ. ಸೋಮವಾರ ಕೌಸಲ್ಯಾ ಮೇಡಂ ಆ ಪುಟವನ್ನು ಎರಡು ಸಲ ಓದಿದರು. ವಿಷಯ ಬದಲಿಸಬೇಕಿಲ್ಲ, ಮುಂದುವರಿಸು ಎಂದರು. ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳು ಎಂದೂ ಹೇಳಿದರು.

ಮರುದಿನ ಬೆಳಿಗ್ಗೆ ಒಲೆಕಟ್ಟೆಯ ಮೇಲೆ ಎರಡು ವಡೆ ಇದ್ದವು. ಮೆಸ್ಸಿನ ಯಜಮಾನ ಗುರುಚರಣರು ಇಣುಕಿ ನೋಡಿದರು.

"ಎಂತ ಶೀನ, ಒಲೆಗೆ ಹಸಿವು ಜಾಸ್ತಿ ಆಯ್ತಾ?"

"ಒಂದ್ ಒಲೆಗೆ ಅಯ್ಯಾ," ಎಂದ ಶೀನ, ಬಾಣಲೆಯಿಂದ ಕಣ್ಣು ತೆಗೆಯದೆ. "ಇನ್ನೊಂದ್, ಹಡಗಲ್ ಹೋದ್ರೂ ಇದ್ನ ಮರೀದೆ ನನ್ನ ಮಗಳಿಗೆ ಪಾಠ ಆದವ್ರಿಗೆ."