ಬಾಗಿಲಿಗೆ ಒತ್ತಿಟ್ಟ ಎಡಗಾಲಿನ ಬೂಟು

ನಮ್ಮ ಮನೆಯ ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಹಿಡಿದಿರುವುದು ಒಂದು ಕಪ್ಪು ಬೂಟು. ಎಡಗಾಲಿನದು, ಬಲಗಾಲಿನದು ಇಲ್ಲ. ಅಡಿಯಲ್ಲಿ ಬೆರಳ ಕಡೆಗೊಂದು, ಹಿಮ್ಮಡಿಗೊಂದು ಲೋಹದ ತಟ್ಟೆ ಇರುವುದರಿಂದ ಸಾಕಷ್ಟು ಭಾರ. ಎತ್ತಿಗೆ ಲಾಳ ಹೊಡೆಯುವುದನ್ನು ಕಂಡಿದ್ದೇವೆ, ಮೇಷ್ಟ್ರು ಬೂಟಿಗೂ ಹೊಡೆಸಿದ್ದಾರಲ್ಲ ಎಂದು ಬಂದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಗಾಳಿ ಜೋರಾದ ದಿನ ಬೂಟು ಸರಿದು ಬಾಗಿಲು ಧಡ್ ಎಂದಿತೆಂದರೆ, ಮಿತ್ರರೇ, ಕಾಫಿ ಲೋಟ ಕೆಳಗಿಟ್ಟು ನಾನು ಈಗಲೂ ಹಿತ್ತಿಲಿಗೆ ಓಡುತ್ತೇನೆ.

ಬೂಟು ನನ್ನ ಗೆಳೆಯ ಕೃಷ್ಣಪ್ಪನದು. ಮೇಲೂರಿನಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯವನು. ಬೆಂಗಳೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಅಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಬ್ಬ ಮುದುಕ ಮಾಸ್ತರರ ಬಳಿ ಅವನು ಟ್ಯಾಪ್ ಡ್ಯಾನ್ಸ್ ಕಲಿತ. ಮೈಯನ್ನು ಸಡಿಲ ಬಿಟ್ಟು, ಪಾದವನ್ನೇ ಮದ್ದಳೆ ಮಾಡಿಕೊಂಡು ನೆಲದಿಂದ ತಾಳ ಎಬ್ಬಿಸುವ ಆ ಕುಣಿತದಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಬೂಟಿನ ವಿಷಯದಲ್ಲಿ ಮಾಸ್ತರರು ಬಹಳ ನಿಷ್ಠುರ: ಬೆರಳು ತುದಿಗೆ ತಾಗಬೇಕು ಆದರೆ ಮಡಚಬಾರದು, ಹಿಮ್ಮಡಿ ಒಳಗೆ ಅಲುಗಬಾರದು, ಅಟ್ಟೆ ಚರ್ಮದ್ದೇ ಆಗಿರಬೇಕು. ಕೃಷ್ಣಪ್ಪ ಇದನ್ನೆಲ್ಲ ಪಾಠದಂತೆ ಒಪ್ಪಿಸಬಲ್ಲ. ಆದರೆ ಅಂಗಡಿಗೆ ಹೋದಾಗ ಪಕ್ಕದಲ್ಲಿದ್ದದ್ದು ಮಾಸ್ತರರಲ್ಲ, ಅವನ ತಾಯಿ ಮುನಿಯಮ್ಮ.

“ಒಂದು ನಂಬರು ದೊಡ್ಡದೇ ತಗೊಳಪ್ಪ, ಕಾಲು ಬೆಳೀತದೆ.”

“ನನಗೆ ಇಪ್ಪತ್ತು ತುಂಬೈತೆ ಕಣಮ್ಮ. ಇನ್ನೇನು ಬೆಳೀತದೆ?”

“ಬೆಳೀದಿದ್ರೆ ನಿಮ್ಮಣ್ಣ ಹಾಕ್ಕೊಂತಾನೆ. ಬೂಟೇನು ಕೊಳೀತದಾ?”

ನಮ್ಮ ಕಡೆಯ ಎಲ್ಲ ಮನೆಗಳ ವಿವೇಕವೂ ಅದೇ. ಅಂಗಿಯಾಗಲಿ ಚಡ್ಡಿಯಾಗಲಿ, ನಾಳೆ ಬರಲಿರುವ ಮೈಗೆಂದೇ ಹೊಲಿಸುವುದು. ಆ ದಿನದ ಮೈಗೆ ಸರಿಹೊಂದುವ ಬಟ್ಟೆ ತೊಟ್ಟ ನೆನಪು ನನಗಿಲ್ಲ. ಬೂಟಿನಲ್ಲಿ ಉಳಿದ ಜಾಗಕ್ಕೆ ಬೇರೆ ಊರಿನವರು ಹತ್ತಿಯನ್ನೋ ಕಾಗದವನ್ನೋ ತುರುಕುತ್ತಿದ್ದರೇನೋ. ಮೇಲೂರಿನ ಮನೆಯಲ್ಲಿ ಕೈಗೆ ಸಿಗುವುದು ಜೂಟು, ನೂಲು ತೆಗೆದ ಮೇಲೆ ಉಳಿಯುವ ಸಿಕ್ಕುಸಿಕ್ಕಾದ ರೇಷ್ಮೆ. ಮೆತ್ತಗಿದೆಯೆಂದು ಅದನ್ನೇ ತುಂಬಿಕೊಂಡ. ಅದು ಜಾರುತ್ತದೆ ಎಂಬುದು, ದಿನವೂ ಅದನ್ನೇ ಮುಟ್ಟುವ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಗ ನಾನು ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿದ್ದೆ. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕುಣಿಯಲು ಬಂದ ಕೃಷ್ಣಪ್ಪನ ಹಿಮ್ಮಡಿ ವೇದಿಕೆಯ ಮೇಲೆ ಬೂಟಿನಿಂದ ಹೊರಗೆ ಬಂದುಬಿಟ್ಟಿತು. ಮಕ್ಕಳು ನಕ್ಕರು, ಅವನೂ ನಕ್ಕ, ಆದರೆ ಊಟವಾದ ಮೇಲೆ ಬೂಟು ಹಿಡಿದುಕೊಂಡೇ ಕೂತ. ಮಾರನೆಯ ಬೆಳಿಗ್ಗೆ ಇನ್ನಷ್ಟು ಜೂಟು ತುರುಕಿಕೊಂಡು ಸ್ಟೇಷನ್ನಿಗೆ ಬಂದ. ಪ್ಲಾಟ್‌ಫಾರಮ್ಮೆಲ್ಲ ಕೆಂಪು ಗರಸು. ಅಂಚಿನಲ್ಲಿ ಮಾತ್ರ ಚಪ್ಪಡಿ ಕಲ್ಲು. ಸದ್ದು ಬರುವುದು ಅಲ್ಲೇ, ಆದ್ದರಿಂದ ಅವನು ನಿಂತದ್ದೂ ಅಲ್ಲೇ.

“ಈಗ ಕೇಳು ಕಣೋ, ಬಿಗಿಯಾಗೈತೆ.”

ನಿಜಕ್ಕೂ ಕಲ್ಲು ಹಾಡಿತು. ಹಿಂದೂಪುರದ ಕಡೆಯಿಂದ ಹೊಗೆ ಕಂಡಿತು. ಸಾಕು ಬಾರೋ ಎಂದೆ. ಇದೊಂದು ಸುತ್ತು ಎಂದ. ಆ ಸುತ್ತಿನಲ್ಲಿ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ, ಬೂಟು ಕಲ್ಲಿನ ಮೇಲೆ ಹಿಂದಕ್ಕೆ ಜಾರಿ, ಅವನು ಹಳಿಯ ಮೇಲೆ ಬಿದ್ದ. ತಕ್ಷಣ ಎದ್ದ. ಆದರೆ ಬಲಗಾಲು ಏಳಲಿಲ್ಲ. ಬೂಟಿನ ತಟ್ಟೆ ಹಳಿಯ ಸಂದಿಗೆ ಕಚ್ಚಿಕೊಂಡಿತ್ತು. ನನ್ನ ಕಣ್ಣಿಗೆ ಇಂದೂ ಕಟ್ಟುವುದು ಇಷ್ಟು: ಎಂಜಿನ್ನು ಬರುತ್ತಿದೆ, ಇವನು ಬಗ್ಗಿ ಎರಡೂ ಕೈಯಿಂದ ಬೂಟನ್ನು ಬಿಡಿಸುತ್ತಿದ್ದಾನೆ.

“ಬೂಟು ವದಿಲೇಯ್ ರಾ ನಾಯನಾ, ಕಾಲು ತೀಯ್!” ಕಡಲೆಕಾಯಿ ಮಾರುತ್ತಿದ್ದ ಹೆಂಗಸು ತೆಲುಗಿನಲ್ಲಿ ಕೂಗಿದಳು. ಬೂಟು ಬಿಡು, ಕಾಲು ತೆಗೆ. ಅವನು ಕಾಲೆಳೆದ. ಪಾದ ಆ ಜೂಟಿನಿಂದ ನುಣ್ಣಗೆ ಜಾರಿ ಹೊರಬಂತು. ನಾನು ರಟ್ಟೆ ಹಿಡಿದು ಮೇಲಕ್ಕೆಳೆದೆ. ಎಂಜಿನ್ನಿನ ಬಿಸಿ ನಮ್ಮಿಬ್ಬರ ಮುಖಕ್ಕೂ ರಾಚಿತು.

ಇಬ್ಬರೂ ಗರಸಿನ ಮೇಲೆ ಕೂತೆವು. ಅವನ ಕಾಲುಚೀಲಕ್ಕೆ ರೇಷ್ಮೆ ಎಳೆಗಳು ಅಂಟಿದ್ದವು.

“ಇನ್ನೊಂದು ಯಾರ್ಗಪ್ಪ ಇಟ್ಕೊಂಡಿದೀಯ? ಬಿಚ್ಚಾಕು,” ಎಂದಳು ಆ ಹೆಂಗಸು. ಅವನು ಬಿಚ್ಚಿ ನನ್ನ ಮಡಿಲಿಗೆ ಹಾಕಿದ.

“ನೀನೇ ಇಟ್ಕೋ. ಇನ್ನ ನಾನು ಕುಣಿಯಲ್ಲ.”

ಒಂದು ಮಳೆಗಾಲ ಹಾಗೇ ಕಳೆಯಿತು. ಆಮೇಲೆ ಅವನನ್ನು ಅಂಗಡಿಗೆ ಎಳೆದುಕೊಂಡು ಹೋದದ್ದು ಮುನಿಯಮ್ಮನೇ; ನನ್ನನ್ನೂ ಕರೆದರು. ಹೊಸ ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ, “ಬೆರಳು ತಾಗ್ತದಾ?” ಎಂದು ಕೇಳಿದರು.

“ತಾಗ್ತದಮ್ಮ.”

“ನೋಯಲ್ವಾ?”

“ಇಲ್ಲ.”

“ಹಂಗಾದ್ರೆ ಇದೇ ಇರಲಿ. ನಿಮ್ಮಣ್ಣ ಬೇರೆ ತಗೊಂತಾನೆ.”

ಕೃಷ್ಣಪ್ಪ ಈಗಲೂ ಕುಣಿಯುತ್ತಾನೆ. ಎಲ್ಲರೂ ಅವನ ತಾಳ ಕೇಳುವಾಗ ನಾನು ಹಿಮ್ಮಡಿಯನ್ನೇ ನೋಡುತ್ತಿರುತ್ತೇನೆ.

ನಿನ್ನೆ ಮತ್ತೆ ಬಾಗಿಲು ಬಡಿಯಿತು. ಬೂಟನ್ನು ಎತ್ತಿಕೊಂಡು, ಇಷ್ಟು ವರ್ಷ ಮುಟ್ಟದಿದ್ದ ಜೂಟನ್ನು ಹೊರಗೆಳೆದು ಒಳಗೆ ಬೆರಳಾಡಿಸಿದೆ. ಚರ್ಮದಲ್ಲಿ ಅವನ ಬೆರಳುಗಳ ಗುಳಿಗಳು ಇನ್ನೂ ಇವೆ. ಅವು ತುದಿ ಮುಟ್ಟುವುದಿಲ್ಲ, ಒಂದು ಹೆಬ್ಬೆರಳಗಲ ಹಿಂದೆಯೇ ನಿಲ್ಲುತ್ತವೆ. ಅವನು ಬಿದ್ದದ್ದು ಆ ಖಾಲಿ ಜಾಗದ ದೆಸೆಯಿಂದ. ಅವನ ಕಾಲು ಉಳಿದದ್ದೂ ಅದರಿಂದಲೇ. ಒಂದು ನಂಬರು ದೊಡ್ಡದೇ ಇರಲಿ ಎಂದ ತಾಯಿಯ ಆ ಮಾತನ್ನು ಬೈಯಲೋ ನೆನೆಯಲೋ ನನಗೆ ತಿಳಿದಿಲ್ಲ.

ಆ ಜಾಗಕ್ಕೆ ಮರಳು ತುಂಬಿ ಬೂಟನ್ನು ಬಾಗಿಲಿಗೆ ಒತ್ತಿಟ್ಟೆ. ಇವತ್ತು ಬೆಳಗಿನಿಂದ ಗಾಳಿ ಇದೆ. ಬಾಗಿಲು ಬಡಿದಿಲ್ಲ.