ಎಲೆ ಅಲುಗದ ಊರಿನಲ್ಲಿ ಗಾಳಿಗೆ ನಿಂತ ರೈಲು

ಯಾದಗಿರಿ ರೈಲು ನಿಲ್ದಾಣದ ಬೇವಿನ ಮರದಲ್ಲಿ ಅಂದು ಒಂದೆಲೆಯೂ ಅಲುಗುತ್ತಿರಲಿಲ್ಲ. ಟಿಕೆಟ್ ಕೊಡುವವರು ಕಿಂಡಿಯೊಳಗಿಂದ ನನ್ನ ಮುಖ ನೋಡಿ, ಗಾಳಿಯಿಂದಾಗಿ ಗಾಡಿ ರದ್ದಾಗಿದೆ ಎಂದರು. ನಾನು ತಿರುಗಿ ಹೊರಗೆ ನೋಡಿದೆ. ಕೋಟೆಯ ಗುಡ್ಡದ ಮೇಲೆ ಬಿಸಿಲು ಸುಮ್ಮನೆ ಬಿದ್ದುಕೊಂಡಿತ್ತು. ಚಹಾದಂಗಡಿಯವನ ಒಲೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ನನ್ನ ಜೊತೆ ಬಂದಿದ್ದ ಮಲ್ಲಮ್ಮ ಕಿಂಡಿಗೆ ಬಾಯಿ ಹಚ್ಚಿದಳು. “ಎಲ್ಲ್ಯದ್ರಿ ಗಾಳಿ? ನನ್ನ ಸೆರಗ ಸುದ್ದಾ ಹಾರವಲ್ದು. ಶಹಾಪುರದಿಂದ ಬಂದೀವ್ರಿ, ಚಾಷ್ಟಿ ಮಾಡಬ್ಯಾಡ್ರಿ.”

“ಇಲ್ಲಿಲ್ಲವ್ವಾ, ಅಲ್ಲಿ ಬಿಟ್ಟದ. ಸಮುದ್ರದ ಕಡಿ,” ಎಂದರು ಅವರು. “ಗಾಡಿ ಅಲ್ಲಿಗೇ ಹೋಗಬೇಕಲ್ಲ? ಹಳಿ ಮ್ಯಾಲ ಮರ ಬಿದ್ದಾವಂತ. ಹೊಳಿ ಪುಲ್ ಮ್ಯಾಲ ಗಾಡಿ ಬಿಡವಲ್ರು. ವಾಡಿ ತನಕ ಬೇಕಾದ್ರ ಟಿಕೆಟ್ ಕೊಡ್ತೀನಿ. ಅಲ್ಲಿ ಇಳಿದು ಏನ್ ಮಾಡ್ತೀರಿ?”

ವಾಡಿ ಜಂಕ್ಷನ್ನಿನಲ್ಲಿ ನಾನು ಹಿಡಿಯಬೇಕಾಗಿದ್ದು ಮುಂಬೈ ಕಡೆಯಿಂದ ಬಂದು ಆಂಧ್ರದ ಕರಾವಳಿಗೆ ಹೋಗುವ ಗಾಡಿಯನ್ನು. ಆ ಕರಾವಳಿಯಲ್ಲಿ, ಸಮುದ್ರದ ಸದ್ದು ಅಂಗಳಕ್ಕೆ ಕೇಳಿಸುವ ಒಂದು ಹಳ್ಳಿಯಲ್ಲಿ, ನನ್ನ ಅಕ್ಕ ರತ್ನಂ ಹಾಸಿಗೆ ಹಿಡಿದಿದ್ದಳು. ಜ್ವರ ಎದೆಗಿಳಿದಿದೆ, ತಂಗಿಯನ್ನು ಕರೆಸಿ, ಮುಖ ನೋಡಬೇಕು ಎನ್ನುತ್ತಿದ್ದಾಳೆ ಎಂದು ನಮ್ಮ ಕ್ಯಾಂಪಿನ ರೈಸ್‌ಮಿಲ್ಲಿನ ಫೋನಿಗೆ ಹಿಂದಿನ ಸಂಜೆ ಸುದ್ದಿ ಬಂದಿತ್ತು. ನನ್ನ ಗಂಡ ಕೊಯ್ದು ಹಾಕಿದ ಭತ್ತ ಬಿಟ್ಟು ಬರುವಂತಿರಲಿಲ್ಲ. ಒಬ್ಬಳೇ ಹೊರಟವಳನ್ನು ನೋಡಿ ಪಕ್ಕದ ಹೊಲದ ಮಲ್ಲಮ್ಮ ಕೇಳದೆ ಬಸ್ ಹತ್ತಿದ್ದಳು. “ಗಾಡಿ ಹತ್ತಿಸಿ ಬರ್ತೀನಿ, ಸುಮ್ನ ಕುಂದರ್ರಿ ಅಕ್ಕಾರ,” ಎಂದಿದ್ದಳು.

ಕ್ಯಾಂಪ್ ಎಂದರೆ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳಬೇಕು. ಕಾಲುವೆಯಲ್ಲಿ ನೀರು ಹರಿದ ಹೊಸದರಲ್ಲಿ ಆಂಧ್ರದ ನಮ್ಮ ಕಡೆಯ ಜನ ಇಲ್ಲಿಗೆ ಬಂದರು. ಜೋಳ ಬೆಳೆಯುತ್ತಿದ್ದ ಎರೆಹೊಲಗಳನ್ನು ಕೊಂಡು, ಬದು ಕಟ್ಟಿ, ಗದ್ದೆ ಮಾಡಿ, ಗದ್ದೆಯ ಅಂಚಿನಲ್ಲೇ ಮನೆ ಎಬ್ಬಿಸಿಕೊಂಡರು. ಆ ಬಿಡಾರಗಳಿಗೆ ಕ್ಯಾಂಪ್ ಎಂದು ಹೆಸರಾಯಿತು. ಈಗ ಅಲ್ಲಿ ಶಾಲೆಯಿದೆ, ಗುಡಿಯಿದೆ, ಮೊಮ್ಮಕ್ಕಳಿದ್ದಾರೆ. ಆದರೂ ಹೆಸರು ಕ್ಯಾಂಪೇ. ನಾಳೆ ಗಂಟುಮೂಟೆ ಕಟ್ಟಿ ಹೊರಡುವವರ ಹಾಗೆ.

ನಾವು ಬಂದದ್ದು ಬರೀ ನೀರಿಗಾಗಿ ಎಂದು ಇಲ್ಲಿಯವರು ತಿಳಿದಿದ್ದಾರೆ. ನಾನು ಬಂದದ್ದು ಗಾಳಿಗೆ ಹೆದರಿ. ನಮ್ಮ ಮದುವೆಯಾದ ಹೊಸದರಲ್ಲಿ ಬೀಸಿದ ತುಫಾನು ನಮ್ಮ ಮನೆಯ ತಾಳೆಗರಿಯ ಸೂರನ್ನು ಎಲ್ಲಿಗೋ ಒಯ್ದಿತು. ಹಿಂದೆಯೇ ನುಗ್ಗಿದ ಸಮುದ್ರ ಗದ್ದೆಗೆ ಉಪ್ಪು ಬಿಟ್ಟು ಹೋಯಿತು. ಅಕ್ಕನೇ ಹೇಳಿದಳು, ಸಮುದ್ರವಿಲ್ಲದ ಕಡೆ ಹೋಗಿ ಬದುಕಿಕೋ ಎಂದು. ಅವಳು ಬರಲಿಲ್ಲ. ಭಾವನಿಗೆ ದೋಣಿ ಬಿಟ್ಟು ಬೇರೆ ಕಸುಬು ಬರುತ್ತಿರಲಿಲ್ಲ.

ಮೊದಲ ವರ್ಷ ಸುರಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ನಮ್ಮೂರಲ್ಲಿ ಮನೆ ಎಂದರೆ ಗರಿ, ಬಿದಿರು, ಹಗ್ಗ. ಇಲ್ಲಿ ಗೋಡೆಯೂ ಕಲ್ಲು, ಮೇಲೆ ಹೊದಿಸಿದ್ದೂ ಫರಸಿ ಕಲ್ಲು. ಬೇಸಿಗೆಯಲ್ಲಿ ಆ ಕಲ್ಲು ಕಾದು, ಒಳಗಿದ್ದ ನಾವು ರೊಟ್ಟಿಯ ಹಾಗೆ ಬೇಯುತ್ತಿದ್ದೆವು. ಒಂದು ಸಂಜೆ ಗಾಳಿ ಎದ್ದಾಗ ಸೂರು ಹಾರೀತೆಂದು ನಾನು ಪಾತ್ರೆ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಬಾಗಿಲಲ್ಲಿ ನಿಂತೆ. ಮನೆಯ ಯಜಮಾನಿ, ಎಲ್ಲರೂ ಖಾಲಾ ಎನ್ನುತ್ತಿದ್ದ ಮುದುಕಿ, ನನ್ನನ್ನು ನೋಡಿ ಹೊಟ್ಟೆ ಹಿಡಿದು ನಕ್ಕಳು. “ಛತ್ ಹಾರ್ತದೇನು ಬೇಟಿ? ಇದು ಫರಸಿ ಅದ. ನಿನ್ನ ಗಂಡ, ಅವನ ದೋಸ್ತರು ಎಲ್ಲಾ ಕೂಡಿ ಎತ್ತಿದ್ರೂ ಏಳಂಗಿಲ್ಲ.” ಅಂದು ಹಾಯಾಗಿ ನಿದ್ದೆ ಮಾಡಿದೆ. ಅಕ್ಕ ಹಾಗೆ ಮಲಗಲಾರಳಲ್ಲ ಎಂಬ ಸಂಕಟವೂ ಆ ಕೋಣೆಯಲ್ಲೇ ಶುರುವಾಯಿತು.

ಮರುವರ್ಷ ಶಹಾಪುರದ ಹತ್ತಿರದ ಕ್ಯಾಂಪಿಗೆ ಬಂದೆವು. ಮಲ್ಲಮ್ಮನ ಪರಿಚಯವಾದದ್ದು ಜಗಳದಿಂದ. ಅವಳ ಹೊಲ ನಮ್ಮ ಗದ್ದೆಯ ಕೆಳಗಿತ್ತು. ನಾವು ಬಿಟ್ಟ ಮೇಲೆ ಉಳಿದ ನೀರು ಅವಳಿಗೆ. “ಸಮುದ್ರ ಬಿಟ್ಟು ಬಂದು ನಮ್ಮ ಕಾಲುವಿ ಕುಡಿತೀರೇನ್ರಿ?” ಎಂದು ಬದುವಿನ ಮೇಲೆ ನಿಂತು ಕೂಗಿದಳು. ನನಗೆ ಕೂಗು ತಿಳಿಯಿತು, ಮಾತು ತಿಳಿಯಲಿಲ್ಲ. ನಗುತ್ತಾ ಕೈಮುಗಿದೆ. ಬೈದರೆ ನಗುತ್ತಾಳಲ್ಲ ಎಂದು ಅವಳಿಗೆ ಸಿಟ್ಟು ಹೋಗಿ ಚಿಂತೆ ಹತ್ತಿತಂತೆ. ಅಂದಿನಿಂದ ನನಗೆ ಕನ್ನಡ ಕಲಿಸುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡಳು. ಅವಳಿಗೆ ತನ್ನ ಬೈಗುಳ ವ್ಯರ್ಥವಾಗಬಾರದಿತ್ತು.

ನಮ್ಮ ತೆಲುಗಿನಲ್ಲಿ ಮಾತಿನ ಕೊನೆಯನ್ನು ಎಳೆಯುತ್ತೇವೆ. ಇಲ್ಲಿ ಕೊಡಲಿಯಿಂದ ಕಡಿದಂತೆ ನಿಲ್ಲಿಸುತ್ತಾರೆ. ಊಟಕ್ಕೆ ಕರೆದರೂ ಗದರಿದಂತೆ ಕೇಳಿಸಿ ನಾನು ಎಷ್ಟೋ ಸಲ ಹಸಿದುಕೊಂಡೇ ಮನೆಗೆ ಬಂದದ್ದುಂಟು. ಹುಳಿಸೊಪ್ಪು ಮಾತ್ರ ನನ್ನ ಕೈಹಿಡಿಯಿತು. ನಾವು ಗೋಂಗೂರ ಎನ್ನುವುದನ್ನು ಇವರು ಪುಂಡಿ ಎನ್ನುತ್ತಾರೆ. ಅನ್ನಕ್ಕೆ ಕಲಸುತ್ತಿದ್ದುದನ್ನು ರೊಟ್ಟಿಗೆ ಹಚ್ಚಿಕೊಳ್ಳಲು ಕಲಿತೆ. ಅಕ್ಕ ಈ ಕಡೆ ಬರುವವರ ಕೈಯಲ್ಲಿ ಒಣಮೀನು ಕಳಿಸುತ್ತಿದ್ದಳು. ಮೊದಲ ಸಲ ಆ ಗಂಟು ಬಿಚ್ಚಿದಾಗ ಮಲ್ಲಮ್ಮ ಮೂಗಿಗೆ ಸೆರಗು ಹಿಡಿದು, “ಇದು ಎಂದ ಸತ್ತದ್ದ್ರಿ ಅಕ್ಕಾರ?” ಎಂದು ಕೇಳಿದಳು. ಅದನ್ನು ಫೋನಿನಲ್ಲಿ ಹೇಳಿದಾಗ ಅಕ್ಕ ನಕ್ಕ ನಗೆಗೆ ರೈಸ್‌ಮಿಲ್ಲಿನ ಗುಮಾಸ್ತನೂ ನಕ್ಕಿದ್ದ. ಪ್ರತಿ ಸಂಕ್ರಾಂತಿಗೂ ಬರುತ್ತೇನೆ ಎನ್ನುತ್ತಿದ್ದಳು. ಬರಲಿಲ್ಲ. ಸಮುದ್ರವಿಲ್ಲದ ಊರಿನಲ್ಲಿ ಜನ ಬೆಳಿಗ್ಗೆ ಎದ್ದು ಯಾವ ಕಡೆ ನೋಡುತ್ತಾರೆ ಎಂದು ಕೇಳುತ್ತಿದ್ದಳು.

ಅಂದು ಯಾದಗಿರಿಯಲ್ಲಿ ನಾವಿಬ್ಬರೂ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಹೊತ್ತು ಮುಳುಗುವವರೆಗೆ ಕುಳಿತೆವು. ರಾಯಚೂರಿನ ಕಡೆ ಹೋಗುವ ಗಾಡಿ ಬಂತು, ಹೋಯಿತು. ಸೊಲ್ಲಾಪುರದ ಕಡೆಯದೂ ಬಂತು. ಜನ ಹತ್ತಿದರು, ಇಳಿದರು, ಬುತ್ತಿ ಬಿಚ್ಚಿ ಉಂಡರು. ಎಲ್ಲರ ಗಾಡಿಗಳೂ ಓಡುತ್ತಿದ್ದವು, ನನ್ನದೊಂದನ್ನು ಬಿಟ್ಟು. ನಿಂತ ಗಾಡಿ ಕಣ್ಣೆದುರಿದ್ದಿದ್ದರೆ ಬಯ್ಯಬಹುದಿತ್ತು. ಇದು ಹೊರಟೇ ಇರದ ಗಾಡಿ. ಬಸ್ಸಾದರೂ ಸಿಗುತ್ತದೇನೋ ಎಂದು ಮಲ್ಲಮ್ಮ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿ ಬಂದಳು. ಆ ಕಡೆಯ ರಸ್ತೆಗಳ ಮೇಲೂ ಮರ ಬಿದ್ದು, ಹೈದರಾಬಾದಿನಿಂದ ಮುಂದೆ ಬಸ್ಸು ಹೋಗುತ್ತಿರಲಿಲ್ಲ.

“ನಿಮ್ಮ ಕಡಿ ಗಾಳಿ ಅಂದ್ರ ಹೆಂಗಿರ್ತದ್ರಿ?” ಎಂದು ಕೇಳಿದಳು. ರೈಲನ್ನು ಗಾಳಿ ನಿಲ್ಲಿಸುತ್ತದೆ ಎಂಬುದನ್ನು ಅವಳ ಮನಸ್ಸು ಇನ್ನೂ ಒಪ್ಪಿರಲಿಲ್ಲ. ಚಿಕ್ಕಂದಿನ ಒಂದು ತುಫಾನಿನಲ್ಲಿ ಅಕ್ಕ ತನ್ನ ಸೀರೆಯ ಸೆರಗಿನಿಂದ ನನ್ನನ್ನು ಸೊಂಟಕ್ಕೆ ಬಿಗಿದುಕೊಂಡು ಶಾಲೆಯ ಕಂಬ ಹಿಡಿದು ಕುಳಿತದ್ದನ್ನು ಹೇಳಿದೆ. ಹಾರಿದರೆ ಇಬ್ಬರೂ ಹಾರೋಣ ಎಂದಿದ್ದಳು. ಮಲ್ಲಮ್ಮ ನನ್ನ ಚೀಲ ಎತ್ತಿಕೊಂಡು ಎದ್ದಳು. ಕೊನೆಯ ಬಸ್ಸಿಗೆ ಶಹಾಪುರಕ್ಕೆ ಮರಳಿದೆವು. ಭೀಮಾ ನದಿಯ ಸೇತುವೆ ದಾಟುವಾಗ ಕಿಟಕಿಯಿಂದ ತಣ್ಣನೆ ಸುಳಿಗಾಳಿ ಬಂತು. ಹಿತವಾಗಿತ್ತು. ಹಿತವಾಯಿತಲ್ಲ ಎಂದು ಅಳು ಬಂತು.

ಮರುದಿನ ಸುದ್ದಿ ಬಂತು. ನಮ್ಮೂರಿನ ಫೋನುಗಳೆಲ್ಲ ಕೆಟ್ಟು ಕೂತಿದ್ದರಿಂದ ಯಾರೋ ಯಾರಿಗೋ ಹೇಳಿ, ಕೊನೆಗೆ ವಿಜಯವಾಡದ ನೆಂಟರೊಬ್ಬರು ರೈಸ್‌ಮಿಲ್ಲಿಗೆ ಫೋನ್ ಮಾಡಿದ್ದರು. ಅಕ್ಕ ಹೋಗಿಬಿಟ್ಟಿದ್ದಳು. ಗಾಳಿ ಸ್ವಲ್ಪ ತಗ್ಗಿದಾಗ, ಇದ್ದ ನಾಲ್ಕು ಜನ ಸೇರಿ ಸುಟ್ಟುಬಂದಿದ್ದರು. ಇನ್ನು ನೋಡುವುದಕ್ಕೆ ಮುಖವೇ ಉಳಿದಿರಲಿಲ್ಲ.

ಕ್ಯಾಂಪಿನ ನಮ್ಮವರು ಬಂದು, ಭುಜ ಮುಟ್ಟಿ, ತಲೆ ತಗ್ಗಿಸಿ ಕುಳಿತು ಹೋದರು. ನಮ್ಮ ಮನೆಗಳಲ್ಲಿ ಹಾಗೆಯೇ, ದುಃಖವನ್ನು ಬಾಯಿಗೆ ತರುವುದಿಲ್ಲ. ನನಗೂ ಅಳು ಬರಲಿಲ್ಲ. ಹೆಣ ನೋಡದೆ ಹೇಗೆ ಅಳುವುದು? ಒಳಗೆ ಕಲ್ಲು ಕೂತಂತಿತ್ತು.

ಮಧ್ಯಾಹ್ನ ಮಲ್ಲಮ್ಮ ತನ್ನ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ರೊಟ್ಟಿ, ಬೇಳೆ ತಂದಿದ್ದರು. ಈ ಸೀಮೆಯಲ್ಲಿ ಹೆಂಗಸರು ಸತ್ತವರ ಗುಣವನ್ನು ಹಾಡಿಕೊಂಡು ಅಳುತ್ತಾರೆ. ಅವರೆಲ್ಲ ನನ್ನ ಸುತ್ತ ಕುಳಿತರು. ಮಲ್ಲಮ್ಮ ನನ್ನ ಕೊರಳಿಗೆ ಕೈ ಹಾಕಿ ಬಾಯಿ ತೆರೆದವಳು ಥಟ್ಟನೆ ನಿಲ್ಲಿಸಿದಳು.

“ಅಕ್ಕಾರ, ನಾವ್ ಆಕಿನ್ನ ನೋಡಿಲ್ಲ. ಹೆಂಗಿದ್ದಳು ಹೇಳ್ರಿ. ಇಲ್ಲಾಂದ್ರ ಏನಂತ ಅಳಬೇಕು?”

“ಏನಂತ ಹೇಳಲಿ ಮಲ್ಲಮ್ಮ?”

“ಏನರ ಹೇಳ್ರಿ. ಏನ್ ಉಣ್ಣಾಕಿ? ಯಾರನ್ನ ಬೈಯಾಕಿ? ನಿಮಗ ತಲಿ ಯಾರು ಹಿಕ್ಕತಿದ್ರು?”

ಹೇಳಿದೆ. ತಾಯಿ ಸತ್ತಾಗ ನನಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ, ಅಕ್ಕನೇ ಎತ್ತಿ ಬೆಳೆಸಿದಳು ಎಂದೆ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು ಎಂದೆ. ಮೀನಿನ ನಡುಭಾಗ ನನಗೆ ಹಾಕಿ, ತಲೆ ತನಗಿಷ್ಟ ಎಂದು ಸುಳ್ಳು ಹೇಳುತ್ತಿದ್ದಳು ಎಂದೆ. ಇಲ್ಲಿಗೆ ಹೊರಟ ದಿನ ನನ್ನ ತಲೆ ಬಾಚಿ, ಜಡೆ ಹಾಕಿ, ಮತ್ತೆ ಬಿಚ್ಚಿ, ಮತ್ತೆ ಹಾಕಿ ರೈಲು ತಪ್ಪಿಸಲು ನೋಡಿದ್ದನ್ನೂ ಹೇಳಿದೆ. ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಕನ್ನಡದಲ್ಲಿ.

ಆಮೇಲೆ ಮಲ್ಲಮ್ಮ ದನಿ ಎತ್ತಿದಳು. “ಎಂಥಾಕಿದ್ದೆವ್ವಾ ನೀ, ನನ್ನ ಹಡೆದವ್ವಾ! ತಲಿ ಹಿಕ್ಕಿ ತಂಗೀನ ಕಳಿಸಿದಾಕಿ, ಬಂದಾಗ ಬಾಗಿಲಾಗ ಯಾರ್ ನಿಂದರ್ತಾರವ್ವಾ! ತಲಿ ತಿಂದು ನಡಾ ಕೊಟ್ಟಾಕಿ, ನಿನ್ನ ಹಸಿವಿ ಯಾರ್ ಕೇಳಿದ್ರವ್ವಾ! ರೈಲ್ ನಿಂದ್ರಿಸಿದ ಗಾಳಿ ನಿನ್ನ ಜೀವಾ ಯಾಕ ನಿಂದ್ರಸಲಿಲ್ಲವ್ವಾ!” ಉಳಿದವರು ಸೊಲ್ಲು ಸೇರಿಸಿದರು. ಸಮುದ್ರವನ್ನೇ ಕಾಣದ ಆ ಹೆಂಗಸರು ನನ್ನ ಅಕ್ಕನಿಗಾಗಿ ಎದೆ ಬಡಿದುಕೊಂಡು ಅತ್ತರು. ನನ್ನೊಳಗಿನ ಕಲ್ಲು ಒಡೆಯಿತು. ನಾನೂ ಅವರ ರಾಗದಲ್ಲೇ, ಅವರ ಮಾತಿನಲ್ಲೇ ಅತ್ತೆ. ಅಷ್ಟು ಅತ್ತದ್ದು ಜೀವನದಲ್ಲಿ ಅದೇ ಮೊದಲು. ಆ ಉಪಕಾರದಿಂದ ನಾನು ಈ ನೆಲಕ್ಕೆ ಸೇರಿದವಳಾದೆ ಎಂದುಕೊಂಡೆ.

ರೈಲುಗಳು ಮತ್ತೆ ಓಡಲು ಶುರುಮಾಡಿದಾಗ ಹೋದೆ. ಕಿಟಕಿಯಾಚೆ ತೆಂಗಿನ ಮರಗಳು ತಲೆಯಿಲ್ಲದೆ ನಿಂತಿದ್ದವು. ಕೆಲವು ಕಡೆ ಹಳಿಯ ಪಕ್ಕದಲ್ಲೇ ಜನ ಸೀರೆ ಕಟ್ಟಿ ನೆರಳು ಮಾಡಿಕೊಂಡಿದ್ದರು. ಊರಿನ ದಾರಿಯೇ ಗುರುತು ಸಿಗಲಿಲ್ಲ, ಯಾರೋ ಕೈಹಿಡಿದು ಕರೆದೊಯ್ದರು. ಅಕ್ಕನ ಮನೆಯ ಗೋಡೆಗಳು ಉಳಿದಿದ್ದವು. ಸೂರಿಗೆ ನೀಲಿ ತಾಡಪತ್ರಿ ಹೊದಿಸಿದ್ದರು. ಗೋಡೆಗೆ ಆನಿಸಿದ ಅವಳ ಪಟದ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದ ಮನೆಗಳ ಹೆಂಗಸರು ಕುಳಿತಿದ್ದರು. ಯಾರ ಕಣ್ಣಲ್ಲೂ ನೀರಿರಲಿಲ್ಲ. ಎಲ್ಲರ ಮನೆಯಲ್ಲೂ ಏನಾದರೊಂದು ಹೋಗಿತ್ತು.

ನಾನು ಪಟದ ಮುಂದೆ ಕುಸಿದೆ. ಬಾಯಿಂದ ಬಂದದ್ದು, “ಎಂಥಾಕಿದ್ದೆವ್ವಾ ನೀ, ನನ್ನ ಹಡೆದವ್ವಾ!”

ಮಲ್ಲಮ್ಮನ ರಾಗ. ತಡೆದುಕೊಳ್ಳಲಾಗಲಿಲ್ಲ. ಜಡೆಯ ಮಾತು, ಮೀನಿನ ಮಾತು, ಗಾಳಿಯ ಮಾತು ಎಲ್ಲ ಒಂದರ ಹಿಂದೊಂದು ಬಂದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಭಾವ ಬಾಗಿಲಲ್ಲಿ ನಿಂತು, ಯಾರೋ ಪರಸ್ಥಳದವರು ಬಂದಿದ್ದಾರೆ ಎಂಬಂತೆ ನೋಡಿದ.

ದನಿ ಸೋತು ನಾನು ನಿಲ್ಲಿಸಿದಾಗ ಅಕ್ಕನ ಮಗಳು ಪದ್ಮ ಪಕ್ಕದಲ್ಲಿ ಬಂದು ಕುಳಿತಳು. ತಾಯಿಯ ಹಾಗೆಯೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೈ ತೆಗೆದು ತೆಲುಗಿನಲ್ಲಿ ಕೇಳಿದಳು.

“ಪಿನ್ನೀ, ಅದು ಅಲ್ಲಿಯವರ ಮಾತಾ?”

ಪಿನ್ನಿ ಎಂದರೆ ನಮ್ಮಲ್ಲಿ ಚಿಕ್ಕಮ್ಮ. ಹೌದೆಂದೆ.

“ಅಮ್ಮನಿಗೆ ಏನು ಹೇಳಿದೆ?”

ಹೇಳಲು ನೋಡಿದೆ. ತಲೆ ಬಾಚಿ ಕಳಿಸಿದಳು ಎಂದೆ. ಮೀನಿನ ತಲೆ ತಿನ್ನುತ್ತಿದ್ದಳು ಎಂದೆ. ತೆಲುಗಿನಲ್ಲಿ ಅವು ಬರೀ ಸುದ್ದಿಯಾಗಿದ್ದವು. ನಮ್ಮ ಭಾಷೆಯಲ್ಲಿ ಅಳು ಇಲ್ಲವೆಂದಲ್ಲ, ನನಗೆ ಬರಲಿಲ್ಲ. ಪದ್ಮ ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿದಳು. ಆಮೇಲೆ ನನ್ನ ಕೈ ಹಿಡಿದು, ಬಹಳ ಮೆತ್ತಗೆ ಅಂದಳು.

“ಅಮ್ಮನಿಗೆ ಆ ಮಾತು ಬರುತ್ತಿರಲಿಲ್ಲವಲ್ಲ ಪಿನ್ನೀ. ಒಂದು ಸಲ ನಮ್ಮ ಮಾತಿನಲ್ಲಿ ಅಳು. ನೀನು ಬಂದೆ ಅಂತ ಅವಳಿಗೆ ಗೊತ್ತಾಗಲಿ.”

ನಾನು ಪಟದ ಕಡೆ ತಿರುಗಿ ಕುಳಿತೆ. ಬಾಯಿ ತೆರೆದೆ. ಅಕ್ಕಾ ಎಂದೆ. ಮುಂದಿನ ಮಾತು ಬರಲಿಲ್ಲ. ಪದ್ಮ ನನ್ನ ಕೈ ಹಿಡಿದುಕೊಂಡು ಕಾಯುತ್ತಲೇ ಇದ್ದಳು.